ಫೆಬ್ರವರಿಯ ಪೋಸ್ಟರ್‌ಗೆ ಮೊದಲು ಅಕ್ಟೋಬರ್‌ನ ಸಂಬಳ ಪಟ್ಟಿ: ಕಪ್ಪು ಜನರ ಮತ್ತು ಮಹಿಳೆಯರ ಇತಿಹಾಸ ಮಾಸಗಳನ್ನು ಕಚೇರಿಯಲ್ಲಿ ಆಚರಿಸಲು ಸಮಗ್ರ ಮಾರ್ಗದರ್ಶಿ

ಜನವರಿ 20ರ ಹೊತ್ತಿಗೆ ಎಚ್‌ಆರ್‌ನಿಂದ ಮೇಲ್ ಬರುತ್ತದೆ: ಬ್ಲ್ಯಾಕ್ ಹಿಸ್ಟರಿ ಮಂತ್ ಹತ್ತಿರ ಬಂತು, ಏನಾದರೂ ಮಾಡಿ. ಹತ್ತು ದಿನದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರೋಸಾ ಪಾರ್ಕ್ಸ್ ಅವರ ಪೋಸ್ಟರ್ ಗೋಡೆಗೇರುತ್ತದೆ, ಒಂದು ಕ್ವಿಜ್ ನಡೆಯುತ್ತದೆ. ಮಾರ್ಚ್ ಬಂದಾಗ ಹೆಣ್ಣುಮಕ್ಕಳ ಮೇಜಿನ ಮೇಲೆ ಗುಲಾಬಿ. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಪತ್ರ ಕೈಗೆ ಬರುತ್ತದೆ, ಅದರಲ್ಲಿ ಕಳೆದ ವರ್ಷದ ಅಂತರ ಹಾಗೇ ಉಳಿದಿರುತ್ತದೆ. ಮುಂದಿನ ವರ್ಷ ಅದೇ ಮೇಲ್ ಬಂದಾಗ ಯಾರೂ ಉತ್ತರಿಸುವುದಿಲ್ಲ.

ಇಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ಕೆಲಸಗಳ ಕ್ರಮ ತಪ್ಪಿದೆ. ಕಾರ್ಯಕ್ರಮ ಮೊದಲು, ಲೆಕ್ಕ ಆಮೇಲೆ ಅಂದುಕೊಂಡ ಕಡೆ ಲೆಕ್ಕ ಯಾವತ್ತೂ ಆಗುವುದಿಲ್ಲ. ಅಮೆರಿಕದ ಕಚೇರಿಗಳಲ್ಲಿ ಇಂಥ ಸಮಿತಿಗೆ ಸೇರಿಕೊಂಡ ಕನ್ನಡಿಗರಿಗೂ, ಅಮೆರಿಕದ ಕಂಪನಿಗಳ ಬೆಂಗಳೂರು ಕಚೇರಿಗಳಲ್ಲಿ ಈ ಜವಾಬ್ದಾರಿ ಹೊತ್ತವರಿಗೂ ಮುಂದಿನ ಹಂತಗಳನ್ನು ಬರೆದಿದ್ದೇವೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಕೈಯಲ್ಲಿರಬೇಕಾದವು

ದೇಶವಾರು ಕ್ಯಾಲೆಂಡರ್ ಬೇಕು. ಅಮೆರಿಕದಲ್ಲಿ ಕಪ್ಪು ಜನರ ಇತಿಹಾಸಕ್ಕೆ ಫೆಬ್ರವರಿ, ಮಹಿಳೆಯರ ಇತಿಹಾಸಕ್ಕೆ ಮಾರ್ಚ್. ಬ್ರಿಟನ್‌ನಲ್ಲಿ ಕಪ್ಪು ಜನರ ಇತಿಹಾಸ ಮಾಸ ಅಕ್ಟೋಬರ್‌ನಲ್ಲಿ ಬರುತ್ತದೆ. ಕೆನಡಾದಲ್ಲಿ ಅದು ಫೆಬ್ರವರಿಯಲ್ಲೇ ಇದ್ದರೂ ಮಹಿಳೆಯರ ಇತಿಹಾಸ ಮಾಸ ಅಕ್ಟೋಬರ್‌ನಲ್ಲಿದೆ. ಲಂಡನ್ ಮತ್ತು ಟೊರಾಂಟೊ ಕಚೇರಿಗಳಿಗೆ ಒಂದೇ ಮೇಲ್ ಕಳಿಸಿ ಮುಜುಗರಕ್ಕೀಡಾಗುವ ಕಂಪನಿಗಳು ಪ್ರತಿವರ್ಷವೂ ಇರುತ್ತವೆ.

ಅದರ ಜೊತೆಗೆ ಪೇರೋಲ್‌ನಿಂದ ತೆಗೆದ ಸ್ಪ್ರೆಡ್‌ಶೀಟ್, ಕಾರ್ಮಿಕ ಕಾನೂನು ಬಲ್ಲ ವಕೀಲರ ಸಮಯ, ಬರವಣಿಗೆಯಲ್ಲಿ ಮಂಜೂರಾದ ಬಜೆಟ್, ಸಂಬಳ ತಿದ್ದುವ ಅಧಿಕಾರವಿರುವ ಒಬ್ಬ ಹಿರಿಯ ಅಧಿಕಾರಿ. ಕೊನೆಯದು ಸಿಗದಿದ್ದರೆ ಇನ್ನೂ ಕೆಲಸ ಶುರು ಮಾಡಬೇಡಿ. ಅಧಿಕಾರವಿಲ್ಲದ ಸಮಿತಿ ಅಲಂಕಾರದ ಸಮಿತಿಯಾಗಿಬಿಡುತ್ತದೆ.

## ಹಂತ 1: ಹೊಣೆ, ಗಂಟೆ, ದುಡ್ಡು (ಅಕ್ಟೋಬರ್ ಮೊದಲ ಎರಡು ವಾರ)

ಐದರಿಂದ ಏಳು ಜನರ ಸಮಿತಿ ಸಾಕು. ಅದರಲ್ಲಿ ಎಚ್‌ಆರ್‌ನ ಒಬ್ಬರು, ಫೈನಾನ್ಸ್‌ನ ಒಬ್ಬರು, ಜನರನ್ನು ನೋಡಿಕೊಳ್ಳುವ ಮ್ಯಾನೇಜರ್‌ಗಳಲ್ಲಿ ಕನಿಷ್ಠ ಇಬ್ಬರು ಇರಲಿ. ಸಮಿತಿಯ ಸದಸ್ಯರಿಗೆ ವಾರಕ್ಕೆ ನಾಲ್ಕು ಗಂಟೆ ಕೆಲಸದ ಸಮಯವೆಂದೇ ಲೆಕ್ಕಕ್ಕೆ ಬರಬೇಕು, ಅಪ್ರೈಸಲ್‌ನಲ್ಲಿ ಅದಕ್ಕೆ ಒಂದು ಸಾಲು ಇರಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಟೀಮಿನಲ್ಲಿರುವ ಒಬ್ಬಳೇ ಒಬ್ಬ ಕಪ್ಪು ಮಹಿಳೆಯ ಹೆಗಲಿಗೆ ಫೆಬ್ರವರಿಯನ್ನೂ ಮಾರ್ಚನ್ನೂ ಹೊರಿಸುವುದು. "ನಿಮಗೇ ಚೆನ್ನಾಗಿ ಗೊತ್ತಲ್ಲ" ಎಂಬ ಮಾತು ಕೇಳಲು ಗೌರವದಂತಿರುತ್ತದೆ, ನಿಜದಲ್ಲಿ ಅದು ಸಂಬಳವಿಲ್ಲದ ಎರಡನೇ ಕೆಲಸ. ಕೇಳುವುದಿದ್ದರೆ ಎಲ್ಲರನ್ನೂ ಒಂದೇ ಮೇಲ್‌ನಲ್ಲಿ ಕೇಳಿ. ಬೇಡ ಎಂದವರನ್ನು ಕಾರಣ ಕೇಳಬೇಡಿ.

ಬಜೆಟ್ ಪತ್ರದಲ್ಲಿ ಎರಡು ಬೇರೆ ಬೇರೆ ಮೊತ್ತಗಳಿರಲಿ: ಕಾರ್ಯಕ್ರಮದ ಖರ್ಚು ಮತ್ತು ಸಂಬಳ ತಿದ್ದುಪಡಿಗೆ ಕಾದಿಟ್ಟ ಹಣ. ಎರಡನೆಯದನ್ನು ಲೆಕ್ಕ ಶುರುವಾಗುವ ಮೊದಲೇ ಕಾದಿಡಬೇಕು. ಅಂತರ ಕಂಡುಬಂದ ಮೇಲೆ ದುಡ್ಡಿಲ್ಲ ಎಂದರೆ, ಗೊತ್ತಿದ್ದೂ ಸುಮ್ಮನಿದ್ದ ಕಂಪನಿ ಎಂಬ ದಾಖಲೆಯನ್ನು ನೀವೇ ಸೃಷ್ಟಿಸಿದಂತೆ.

## ಹಂತ 2: ಹಾಳೆ ತಯಾರಿಸುವುದು (ಅಕ್ಟೋಬರ್ ಕೊನೆ)

ಮೊದಲು ವಕೀಲರು, ಆಮೇಲೆ ಎಕ್ಸೆಲ್. ಅಮೆರಿಕದಲ್ಲಿ ಸಂಬಳದ ಪರಿಶೀಲನೆಯನ್ನು ವಕೀಲರ ಸೂಚನೆಯ ಮೇರೆಗೆ ನಡೆಸಿದರೆ ಅದಕ್ಕೆ ಕಕ್ಷಿದಾರ-ವಕೀಲ ಗೋಪ್ಯತೆಯ ರಕ್ಷಣೆ ಪಡೆಯುವ ಅವಕಾಶವಿದೆ. ಉತ್ಸಾಹಿ ಉದ್ಯೋಗಿಯೊಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಮಾಡಿ ಹತ್ತು ಜನರಿಗೆ ಕಳಿಸಿದ ಹಾಳೆಗೆ ಆ ರಕ್ಷಣೆ ಇರುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಕಚೇರಿಯಿದ್ದರೆ ಇನ್ನೂ ಒಂದು ಲಾಭ: 2018ರಿಂದ ಜಾರಿಯಲ್ಲಿರುವ ಅಲ್ಲಿನ ಸಮಾನ ವೇತನ ಕಾನೂನಿನಡಿ, ಮೊಕದ್ದಮೆಗೆ ಹಿಂದಿನ ಮೂರು ವರ್ಷಗಳಲ್ಲಿ ಪ್ರಾಮಾಣಿಕವಾಗಿ ಸ್ವಯಂ ಪರಿಶೀಲನೆ ನಡೆಸಿ, ಅಂತರ ತಗ್ಗಿಸುವತ್ತ ನಿಜವಾಗಿ ಹೆಜ್ಜೆಯಿಟ್ಟಿದ್ದರೆ ಅದನ್ನೇ ರಕ್ಷಣೆಯಾಗಿ ಮುಂದಿಡಬಹುದು.

ಹಾಳೆಯಲ್ಲಿ ಇರಬೇಕಾದ ಕಾಲಂಗಳು: ಹೆಸರಿನ ಬದಲು ಒಂದು ಸಂಖ್ಯೆ, ಹುದ್ದೆ, ಗ್ರೇಡ್, ಊರು, ಕಂಪನಿ ಸೇರಿದ ದಿನಾಂಕ, ಈಗಿನ ಗ್ರೇಡಿಗೆ ಬಂದ ದಿನಾಂಕ, ಸೇರಿದಾಗಿನ ಸಂಬಳ, ಈಗಿನ ಮೂಲ ಸಂಬಳ, ಬೋನಸ್, ಷೇರು, ಕಳೆದ ಎರಡು ವರ್ಷದ ರೇಟಿಂಗ್, ದೀರ್ಘ ರಜೆಯ ಅವಧಿ, ಲಿಂಗ, ಜನಾಂಗ. ಸೇರಿದಾಗಿನ ಸಂಬಳದ ಕಾಲಂ ಬಿಟ್ಟುಬಿಡುವವರೇ ಹೆಚ್ಚು. ಅದಿಲ್ಲದೆ ಅಂತರದ ಮೂಲ ಸಿಗುವುದಿಲ್ಲ.

ಜನಾಂಗದ ಮಾಹಿತಿಯನ್ನು ಮುಖ ನೋಡಿ, ಹೆಸರು ನೋಡಿ ನೀವೇ ತುಂಬಬೇಡಿ. ಅಮೆರಿಕದಲ್ಲಿ 100 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಖಾಸಗಿ ಕಂಪನಿಗಳು ಇಇಒ-1 ಎಂಬ ವರದಿಯನ್ನು ಸರ್ಕಾರಕ್ಕೆ ಕೊಡುತ್ತ ಬಂದಿವೆ. ಅದಕ್ಕೆಂದು ಉದ್ಯೋಗಿಗಳು ತಾವೇ ಘೋಷಿಸಿದ ಮಾಹಿತಿ ಎಚ್‌ಆರ್ ಬಳಿ ಇರುತ್ತದೆ. ಘೋಷಿಸದವರನ್ನು 'ತಿಳಿಸಿಲ್ಲ' ಎಂಬ ಗುಂಪಿನಲ್ಲೇ ಬಿಡಿ. ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕಿಯನ್ನು ಸಮಿತಿಯ ಆಚೆಗೆ ತೋರಿಸಬೇಡಿ. ಇಬ್ಬರೇ ಇರುವ ಗುಂಪಿನ ಮಧ್ಯಾಂಕ (ಸಂಬಳಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಅಂಕಿ) ಪ್ರಕಟಿಸುವುದೂ ಅವರ ಸಂಬಳ ಪ್ರಕಟಿಸುವುದೂ ಒಂದೇ.

## ಹಂತ 3: ಲೆಕ್ಕ (ನವೆಂಬರ್)

ಇಡೀ ಕಂಪನಿಯ ಗಂಡಸರ ಸರಾಸರಿ, ಹೆಂಗಸರ ಸರಾಸರಿ ತೆಗೆದು ಹೋಲಿಸಿದರೆ ಯಾರು ಯಾವ ಹುದ್ದೆಯಲ್ಲಿದ್ದಾರೆ ಎಂಬುದು ಮಾತ್ರ ಗೊತ್ತಾಗುತ್ತದೆ. ಒಂದೇ ಕೆಲಸಕ್ಕೆ ಬೇರೆ ಸಂಬಳ ಇದೆಯೇ ಎಂದು ತಿಳಿಯಲು ಒಂದೇ ಗ್ರೇಡ್, ಒಂದೇ ಬಗೆಯ ಕೆಲಸ, ಒಂದೇ ಊರಿನವರನ್ನು ಒಟ್ಟಿಗೆ ಇಡಬೇಕು. ಸರಾಸರಿಗಿಂತ ಮಧ್ಯಾಂಕ ಮೇಲು. ಒಬ್ಬರ ದೊಡ್ಡ ಬೋನಸ್ ಅದನ್ನು ಅಲುಗಾಡಿಸುವುದಿಲ್ಲ.

ಒಂದು ಕಲ್ಪಿತ ಉದಾಹರಣೆ. ಒಂದು ಗ್ರೇಡಿನಲ್ಲಿ ಗಂಡಸರ ಮಧ್ಯಾಂಕ 98,000 ಡಾಲರ್. ಅದೇ ಗ್ರೇಡಿನಲ್ಲಿ ಹತ್ತು ಮಹಿಳೆಯರು. ಅವರಲ್ಲಿ ಐವರು ಬಿಳಿಯರು: 92, 94, 96, 97, 99 ಸಾವಿರ. ಐವರು ಕಪ್ಪು ಮಹಿಳೆಯರು: 82, 84, 86, 88, 90 ಸಾವಿರ. ಹತ್ತೂ ಜನರ ಮಧ್ಯಾಂಕ 91,000, ಅಂದರೆ ಗಂಡಸರ 100 ಡಾಲರ್‌ಗೆ 92.9 ಡಾಲರ್. ಇಷ್ಟು ನೋಡಿ ಹಾಳೆ ಮುಚ್ಚಿದರೆ ಅಸಲು ಸಂಗತಿಯೇ ತಪ್ಪಿಹೋಗುತ್ತದೆ. ಗುಂಪು ಬಿಡಿಸಿ ನೋಡಿ: ಬಿಳಿ ಮಹಿಳೆಯರಿಗೆ 98, ಕಪ್ಪು ಮಹಿಳೆಯರಿಗೆ 87.8. ಮಹಿಳೆಯರದೊಂದು ಹಾಳೆ, ಕಪ್ಪು ಉದ್ಯೋಗಿಗಳದೊಂದು ಹಾಳೆ ಎಂದು ಬೇರೆ ಮಾಡಿದ ಕಡೆಯೆಲ್ಲ ಹೀಗಾಗುತ್ತದೆ.

ನ್ಯಾಯಾಲಯವೇ ಈ ತಪ್ಪು ಮಾಡಿದ ದಾಖಲೆ ಇದೆ. 1976ರಲ್ಲಿ ಮಿಸೌರಿಯ ಫೆಡರಲ್ ನ್ಯಾಯಾಲಯದಲ್ಲಿ ಐವರು ಕಪ್ಪು ಮಹಿಳೆಯರು ಜನರಲ್ ಮೋಟಾರ್ಸ್ ವಿರುದ್ಧ ಹೂಡಿದ ಡಿಗ್ರಾಫೆನ್ರೀಡ್ ಪ್ರಕರಣದಲ್ಲಿ ತೀರ್ಪು ಬಂತು. 1964ಕ್ಕೆ ಮೊದಲು ಆ ಕಂಪನಿ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ, ಆಮೇಲೆ ಆರ್ಥಿಕ ಹಿಂಜರಿತ ಬಂದಾಗ 'ಕೊನೆಗೆ ಬಂದವರು ಮೊದಲು ಹೊರಗೆ' ಎಂಬ ಸೇವಾ ಹಿರಿತನದ ನಿಯಮದಡಿ ಅವರು ಕೆಲಸ ಕಳೆದುಕೊಂಡರು. ಕಂಪನಿ ಮಹಿಳೆಯರನ್ನು ತೆಗೆದುಕೊಂಡಿದೆಯಲ್ಲ ಎಂದಿತು ನ್ಯಾಯಾಲಯ. ಆ ಮಹಿಳೆಯರು ಬಿಳಿಯರು. ಜನಾಂಗದ ಆರೋಪಕ್ಕೆ ಬೇರೆ ದಾರಿ ನೋಡಿಕೊಳ್ಳಿ, ಎರಡನ್ನೂ ಸೇರಿಸಿ ಹೊಸ ಹಕ್ಕು ಕೇಳಬೇಡಿ ಎಂದಿತು. 1989ರಲ್ಲಿ ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್ಶಾ 'ಇಂಟರ್‌ಸೆಕ್ಷನಾಲಿಟಿ' ಎಂಬ ಪದ ತಂದದ್ದು ಇಂಥ ಪ್ರಕರಣಗಳನ್ನು ಮುಂದಿಟ್ಟುಕೊಂಡೇ. ನಿಮ್ಮ ಹಾಳೆಯಲ್ಲಿ ಲಿಂಗ ಅಡ್ಡಸಾಲು, ಜನಾಂಗ ಉದ್ದಸಾಲು ಆಗಿರುವ ಒಂದು ಕೋಷ್ಟಕ ಕಡ್ಡಾಯ ಎನ್ನುವುದು ಇದಕ್ಕಾಗಿ.

ಬಡ್ತಿಯ ಲೆಕ್ಕವನ್ನೂ ಮಾಡಿ. 1978ರಿಂದ ಬಳಕೆಯಲ್ಲಿರುವ ಐದರಲ್ಲಿ ನಾಲ್ಕು ಪಾಲಿನ ಸೂತ್ರ ಸಾಕು. ಅರ್ಹರಾದ 60 ಗಂಡಸರಲ್ಲಿ 15 ಮಂದಿಗೆ ಬಡ್ತಿ ಸಿಕ್ಕರೆ ಶೇ. 25. ಅರ್ಹರಾದ 40 ಮಹಿಳೆಯರಲ್ಲಿ 7 ಮಂದಿಗೆ ಸಿಕ್ಕರೆ ಶೇ. 17.5. ಎರಡನೆಯದು ಮೊದಲನೆಯದರ ಶೇ. 70 ಮಾತ್ರ, 80ಕ್ಕಿಂತ ಕಡಿಮೆ, ಆದ್ದರಿಂದ ಆಳಕ್ಕಿಳಿದು ನೋಡಬೇಕು. ಆದರೆ ಇನ್ನೊಬ್ಬ ಮಹಿಳೆಗೆ ಬಡ್ತಿ ಸಿಕ್ಕಿದ್ದರೆ ಅದು ಸರಿಯಾಗಿ 80 ಆಗುತ್ತಿತ್ತು ಎಂಬುದನ್ನೂ ಗಮನಿಸಿ. ಸಣ್ಣ ಸಂಖ್ಯೆಯಲ್ಲಿ ಒಬ್ಬರು ಎಲ್ಲವನ್ನೂ ತಿರುಗಿಸಬಲ್ಲರು. ಹಾಗಾಗಿ ಮೂರು ವರ್ಷದ ಬಡ್ತಿಗಳನ್ನು ಒಟ್ಟಿಗೆ ನೋಡಿ. ಸೂತ್ರವನ್ನು ತೀರ್ಪೆಂದು ತಿಳಿಯಬೇಡಿ, ಎಲ್ಲಿ ಅಗೆಯಬೇಕು ಎಂದು ತೋರಿಸುವ ಗುರುತು ಅದು.

ಕಾರಣ ಹುಡುಕುವಾಗ ಮೊದಲು ತೆರೆಯಬೇಕಾದ ಕಾಲಂ ಸೇರಿದಾಗಿನ ಸಂಬಳ. 90,000ಕ್ಕೆ ಸೇರಿದವರಿಗೂ 80,000ಕ್ಕೆ ಸೇರಿದವರಿಗೂ ವರ್ಷಕ್ಕೆ ತಲಾ ಶೇ. 4 ಹೆಚ್ಚಳ ಕೊಟ್ಟರೆ ಆರು ವರ್ಷದಲ್ಲಿ 10,000ದ ಅಂತರ ಸುಮಾರು 12,650 ಆಗುತ್ತದೆ. ಎಲ್ಲರಿಗೂ ಒಂದೇ ಶೇಕಡಾ ಕೊಟ್ಟೆವು ಎಂದು ಮ್ಯಾನೇಜರ್ ನಂಬಿರುತ್ತಾನೆ, ಅಂತರ ಬೆಳೆಯುತ್ತಲೇ ಇರುತ್ತದೆ. ಹಿಂದಿನ ಕಂಪನಿಯ ಸಂಬಳ ಕೇಳಿ ಅದರ ಮೇಲೆ ಆಫರ್ ಕಟ್ಟುವ ಅಭ್ಯಾಸ ಇದರ ಬೇರು. ಕ್ಯಾಲಿಫೋರ್ನಿಯಾ 2018ರಿಂದ ಆ ಪ್ರಶ್ನೆಯನ್ನೇ ನಿಷೇಧಿಸಿದೆ. ಬೆಂಗಳೂರಿನಲ್ಲಿ ಇಂದಿಗೂ ಮೊದಲ ಕರೆಯಲ್ಲೇ "ಕರೆಂಟ್ ಸಿಟಿಸಿ ಎಷ್ಟು?" ಎಂದು ಕೇಳುತ್ತಾರೆ.

## ಹಂತ 4: ಅಂತರ ಮುಚ್ಚುವುದು (ಡಿಸೆಂಬರ್)

ಅಮೆರಿಕದ 1963ರ ಸಮಾನ ವೇತನ ಕಾಯ್ದೆ ಹಿರಿತನ, ಅರ್ಹತೆ, ಕೆಲಸದ ಪ್ರಮಾಣ ಅಥವಾ ಗುಣಮಟ್ಟ, ಲಿಂಗಕ್ಕೆ ಸಂಬಂಧಿಸದ ಬೇರೆ ಕಾರಣ ಇವುಗಳಿಂದ ಬಂದ ವ್ಯತ್ಯಾಸವನ್ನು ಒಪ್ಪುತ್ತದೆ. ಪ್ರತಿ ವ್ಯಕ್ತಿಯ ಮುಂದೆ ಈ ಕಾರಣಗಳಲ್ಲಿ ಯಾವುದು ಅನ್ವಯಿಸುತ್ತದೆ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಬರೆಯಲಾಗದೆ ಪೆನ್ನು ನಿಂತ ಕಡೆ ತಿದ್ದುಪಡಿ ಬೇಕು.

ಮೇಲಿನವರ ಸಂಬಳ ಇಳಿಸಿ ಸಮ ಮಾಡುವಂತಿಲ್ಲ ಎಂದು ಅದೇ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಕೆಳಗಿನದನ್ನೇ ಏರಿಸಬೇಕು. ಒಂದು ಗುಂಪಿಗೆಲ್ಲ ಸಾರಾಸಗಟಾಗಿ ಇಷ್ಟು ಎಂದು ಘೋಷಿಸುವುದೂ ತಪ್ಪು. ವಿವರಣೆಯಿಲ್ಲದ ಅಂತರ ಯಾವ ವ್ಯಕ್ತಿಯ ಬಳಿ ಇದೆಯೋ ಆ ವ್ಯಕ್ತಿಗೆ, ಆ ಕಾರಣಕ್ಕೆ, ಅಷ್ಟು ತಿದ್ದುಪಡಿ, ವಕೀಲರ ಒಪ್ಪಿಗೆಯೊಂದಿಗೆ. ಈ ಪತ್ರಗಳು ಜನವರಿಯೊಳಗೆ ತಲುಪಿದರೆ ಫೆಬ್ರವರಿಯ ವೇದಿಕೆಯಲ್ಲಿ ಹೇಳಲು ನಿಜವಾದ ಮಾತಿರುತ್ತದೆ.

ಒಂದು ಎಚ್ಚರಿಕೆ: ಸಂಬಳದ ಬಗ್ಗೆ ಮಾತಾಡಬೇಡಿ ಎಂದು ಮೇಲ್ ಕಳಿಸುವ ಮ್ಯಾನೇಜರ್ ಇದ್ದರೆ ತಕ್ಷಣ ತಡೆಯಿರಿ. 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆಯಡಿ ಅಮೆರಿಕದ ಖಾಸಗಿ ವಲಯದ ಹೆಚ್ಚಿನ ಉದ್ಯೋಗಿಗಳಿಗೆ ತಮ್ಮ ಸಂಬಳವನ್ನು ಪರಸ್ಪರ ಚರ್ಚಿಸುವ ಹಕ್ಕಿದೆ.

## ಹಂತ 5: ಯಾವ ಇತಿಹಾಸ? (ಡಿಸೆಂಬರ್)

ಹತ್ತು ಮುಖಗಳಿರುವ ಪೋಸ್ಟರ್ ಬಿಡಿ. ನಿಮ್ಮ ಕಂಪನಿಯ ಕೆಲಸಕ್ಕೆ ತಾಗುವ ಒಂದೇ ಪ್ರಸಂಗ ತೆಗೆದುಕೊಂಡು ಅದರೊಳಗೆ ಇಳಿಯಿರಿ.

ಬ್ಯಾಂಕಿನವರಾದರೆ 1903ರಲ್ಲಿ ರಿಚ್ಮಂಡ್‌ನಲ್ಲಿ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ಕಟ್ಟಿದ ಮ್ಯಾಗಿ ಲೆನಾ ವಾಕರ್. ಆಸ್ಪತ್ರೆಯವರಾದರೆ 1879ರಲ್ಲಿ ತರಬೇತಿ ಮುಗಿಸಿ ವೃತ್ತಿಗಿಳಿದ ಅಮೆರಿಕದ ಮೊದಲ ಕಪ್ಪು ನರ್ಸ್ ಮೇರಿ ಎಲೈಜಾ ಮಹೋನಿ. ಸಾಗಣೆ, ಸ್ವಚ್ಛತೆ, ಗೋದಾಮಿನ ಕೆಲಸದವರಾದರೆ ಮೆಂಫಿಸ್: 1968ರ ಫೆಬ್ರವರಿ 1ರಂದು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಎಕೋಲ್ ಕೋಲ್, ರಾಬರ್ಟ್ ವಾಕರ್ ಸತ್ತರು. ಫೆಬ್ರವರಿ 12ರಂದು ಸುಮಾರು 1,300 ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರು ಕೊರಳಿಗೆ ತೂಗುಹಾಕಿಕೊಂಡ ಫಲಕದಲ್ಲಿ ಇದ್ದದ್ದು ನಾಲ್ಕೇ ಪದ, 'ಐ ಆ್ಯಮ್ ಎ ಮ್ಯಾನ್'. ಕಿಂಗ್ ಮೆಂಫಿಸ್‌ಗೆ ಹೋದದ್ದು ಈ ಮುಷ್ಕರದ ಬೆಂಬಲಕ್ಕೆ. ಏಪ್ರಿಲ್ 4ರಂದು ಅಲ್ಲೇ ಅವರ ಕೊಲೆಯಾಯಿತು. ಅವರ ಕನಸಿನ ಭಾಷಣದ ಒಂದು ಸಾಲನ್ನಷ್ಟೇ ಗೋಡೆಗೆ ಹಚ್ಚುವ ಕಂಪನಿಗಳು ಅವರು ಕೂಲಿಯ ಹೋರಾಟದಲ್ಲಿ ಸತ್ತದ್ದನ್ನು ಹೇಳುವುದೇ ಇಲ್ಲ.

ಎಂಜಿನಿಯರಿಂಗ್ ಕಂಪನಿಗಳಿಗೆ ಮೇರಿ ಜಾಕ್ಸನ್ ಅವರ ಬದುಕು ಹೇಳಿಮಾಡಿಸಿದಂತಿದೆ. 1951ರಲ್ಲಿ ವರ್ಜೀನಿಯಾದ ಲ್ಯಾಂಗ್ಲಿ ವಿಮಾನ ಸಂಶೋಧನಾ ಕೇಂದ್ರದಲ್ಲಿ (ಮುಂದೆ ಅದು ನಾಸಾದ ಭಾಗವಾಯಿತು) ಗಣಿತದ ಲೆಕ್ಕ ಮಾಡುವ ಕೆಲಸಕ್ಕೆ ಸೇರಿದರು. ಎಂಜಿನಿಯರ್ ಆಗಲು ಬೇಕಿದ್ದ ಸಂಜೆ ತರಗತಿಗಳು ಬಿಳಿಯರ ಹೈಸ್ಕೂಲಿನಲ್ಲಿ ನಡೆಯುತ್ತಿದ್ದವು, ಒಳಗೆ ಕೂರಲು ಹ್ಯಾಂಪ್ಟನ್ ನಗರದ ವಿಶೇಷ ಅನುಮತಿ ಬೇಕಾಯಿತು. 1958ರಲ್ಲಿ ನಾಸಾದ ಮೊದಲ ಕಪ್ಪು ಮಹಿಳಾ ಎಂಜಿನಿಯರ್ ಆದರು. ಸಾಮಾನ್ಯವಾಗಿ ಸ್ಲೈಡ್ ಇಲ್ಲಿಗೇ ಮುಗಿಯುತ್ತದೆ. ನೀವು 1979ಕ್ಕೆ ಹೋಗಿ. ಮೇಲಿನ ಹುದ್ದೆಗಳಿಗೆ ದಾರಿ ಮುಚ್ಚಿದೆ ಎಂದು ಕಂಡಾಗ ಅವರು ತಮ್ಮ ದರ್ಜೆಯನ್ನು ತಾವೇ ಇಳಿಸಿಕೊಂಡು ಲ್ಯಾಂಗ್ಲಿಯ ಮಹಿಳಾ ಕಾರ್ಯಕ್ರಮದ ವ್ಯವಸ್ಥಾಪಕಿಯಾದರು, ಬೇರೆ ಹೆಣ್ಣುಮಕ್ಕಳ ನೇಮಕ ಮತ್ತು ಬಡ್ತಿಗಾಗಿ ದುಡಿದರು. ಈ ಭಾಗ ಹೇಳಿದ ಮೇಲೆ ಮುಂದಿನ ಸ್ಲೈಡಿನಲ್ಲಿ ನಿಮ್ಮ ಕಂಪನಿಯ ಬಡ್ತಿ ಕೋಷ್ಟಕ ಬರಬೇಕು. ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಮಾರ್ಚ್‌ಗೆ ಲಿಲಿ ಲೆಡ್‌ಬೆಟರ್ ಅವರನ್ನು ಆರಿಸಿ ಎಂಬುದು ನಮ್ಮ ಸಲಹೆ. ಅಲಬಾಮಾದ ಟೈರ್ ಕಾರ್ಖಾನೆಯಲ್ಲಿ ಸುಮಾರು ಎರಡು ದಶಕ ದುಡಿದ ಮೇಲ್ವಿಚಾರಕಿ. ಯಾರೋ ಹೆಸರಿಲ್ಲದೆ ಇಟ್ಟುಹೋದ ಒಂದು ಚೀಟಿಯಿಂದ ಸಹೋದ್ಯೋಗಿ ಗಂಡಸರ ಸಂಬಳ ತಿಳಿಯಿತು. ನ್ಯಾಯಾಲಯದ ದಾಖಲೆಯಂತೆ ಅವರಿಗೆ ತಿಂಗಳಿಗೆ 3,727 ಡಾಲರ್, ಅದೇ ಹುದ್ದೆಯಲ್ಲಿ ಎಲ್ಲರಿಗಿಂತ ಕಡಿಮೆ ಪಡೆಯುತ್ತಿದ್ದ ಗಂಡಸಿಗೆ 4,286. 2007ರಲ್ಲಿ ಸುಪ್ರೀಂ ಕೋರ್ಟ್ ದೂರು ತಡವಾಯಿತು ಎಂದು ತಳ್ಳಿಹಾಕಿತು. 2009ರ ಕಾಯ್ದೆ ಬಂದ ಮೇಲೆ ತಾರತಮ್ಯದ ಪ್ರತಿ ಸಂಬಳದ ಚೆಕ್ಕಿನೊಂದಿಗೂ ದೂರಿನ ಗಡುವು ಹೊಸದಾಗಿ ಶುರುವಾಗುತ್ತದೆ.

ಇನ್ನು ತಪ್ಪು ಸಂಗತಿಗಳು. ರೋಸಾ ಪಾರ್ಕ್ಸ್ ಕಾಲು ನೋವಿನಿಂದ ಸೀಟು ಬಿಡಲಿಲ್ಲ ಎನ್ನುವ ಕತೆ ತಪ್ಪು. ಅವರು ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ಮಾಂಟ್ಗಮರಿ ಶಾಖೆಯಲ್ಲಿ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರಿಗೆ ಒಂಬತ್ತು ತಿಂಗಳು ಮೊದಲು, 1955ರ ಮಾರ್ಚ್ 2ರಂದು, 15 ವರ್ಷದ ಕ್ಲಾಡೆಟ್ ಕಾಲ್ವಿನ್ ಅದೇ ಊರಿನ ಬಸ್ಸಿನಲ್ಲಿ ಬಂಧನಕ್ಕೊಳಗಾಗಿದ್ದಳು. ಮಾರ್ಚ್ 8ರ ಮಹಿಳಾ ದಿನದ ಮೂಲ 1857ರ ನ್ಯೂಯಾರ್ಕ್ ಮುಷ್ಕರ ಎನ್ನುವುದಕ್ಕೂ ಆಧಾರವಿಲ್ಲ. 1909ರ ಫೆಬ್ರವರಿ 28ರಂದು ಅಮೆರಿಕದ ಸಮಾಜವಾದಿ ಪಕ್ಷ ಆಚರಿಸಿದ ಮಹಿಳಾ ದಿನ, 1910ರ ಕೋಪನ್‌ಹೇಗನ್ ಸಮ್ಮೇಳನ, 1917ರಲ್ಲಿ ರಷ್ಯಾದ ಪೆಟ್ರೊಗ್ರಾಡ್ ಮಹಿಳೆಯರು ಹೂಡಿದ ಮುಷ್ಕರ ಇವು ದಾಖಲೆಯಲ್ಲಿವೆ.

ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು: "1920ರಲ್ಲಿ ಅಮೆರಿಕದ ಮಹಿಳೆಯರಿಗೆಲ್ಲ ಮತ ಸಿಕ್ಕಿತು." ದಕ್ಷಿಣದ ಕಪ್ಪು ಮಹಿಳೆಯರಲ್ಲಿ ಹೆಚ್ಚಿನವರು 1965ರ ಮತದಾನ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು. ಫೆಬ್ರವರಿಯಲ್ಲಿ ಮತದ ಹಕ್ಕಿನ ಹೋರಾಟ ಹೇಳಿ, ಮಾರ್ಚ್‌ನಲ್ಲಿ ಈ ವಾಕ್ಯ ಹಾಕಿದರೆ ಒಂದು ತಿಂಗಳು ಇನ್ನೊಂದನ್ನು ಅಳಿಸಿದಂತೆ. ಎರಡು ತಿಂಗಳನ್ನೂ ಜೋಡಿಸುವ ಪ್ರಸಂಗ ಬೇಕಿದ್ದರೆ 1913ರ ಮಾರ್ಚ್ 3ಕ್ಕೆ ಹೋಗಿ. ವಾಷಿಂಗ್ಟನ್‌ನಲ್ಲಿ ಮತದ ಹಕ್ಕಿಗಾಗಿ ಮಹಿಳೆಯರ ಮೆರವಣಿಗೆ. ಪತ್ರಕರ್ತೆ ಐಡಾ ಬಿ. ವೆಲ್ಸ್ ಇಲಿನಾಯ್ ತಂಡದೊಂದಿಗೆ ಬಂದಿದ್ದರು. ಕಪ್ಪು ಮಹಿಳೆಯರು ಹಿಂದಿನ ಸಾಲಿಗೆ ಹೋಗಲಿ ಎಂಬ ಸೂಚನೆ ಬಂತು. ವೆಲ್ಸ್ ಒಪ್ಪಲಿಲ್ಲ, ಅಲ್ಲಿಂದ ಸರಿದರು. ಮೆರವಣಿಗೆ ಹೊರಟ ಮೇಲೆ ಬದಿಯ ಜನಸಂದಣಿಯಿಂದ ಹೊರಬಂದು ತಮ್ಮ ರಾಜ್ಯದ ತಂಡದಲ್ಲಿ ಇಬ್ಬರು ಬಿಳಿಯ ಗೆಳತಿಯರ ನಡುವೆ ಹೆಜ್ಜೆ ಹಾಕಿದರು. ಈ ಒಂದು ದೃಶ್ಯಕ್ಕೆ ಇಪ್ಪತ್ತು ನಿಮಿಷ ಕೊಡಿ, ಸಾರ್ಥಕವಾಗುತ್ತದೆ.

## ಹಂತ 6: ಪದಗಳು

ಕನ್ನಡದಲ್ಲಿ ಮಾತಾಡುವಾಗ, ಬರೆಯುವಾಗ ಹಳೆಯ ಪಠ್ಯಪುಸ್ತಕದ 'ನೀಗ್ರೋ' ಬಿಡಿ. ಸಂಸ್ಥೆಯ ಹಳೆಯ ಹೆಸರನ್ನು ಉಲ್ಲೇಖಿಸುವಾಗ ಮಾತ್ರ ಅದು ಬರಬಹುದು. 'ಕರಿಯರು' ಎಂಬುದು ನಮ್ಮಲ್ಲಿ ಬೈಗುಳವಾಗಿ ಬಳಕೆಯಾಗುತ್ತದೆ, ಬೇಡ. 'ಕಪ್ಪು ಜನರು', 'ಆಫ್ರಿಕನ್ ಅಮೆರಿಕನ್ನರು' ಸರಿ. ಇವೆರಡೂ ಒಂದೇ ಅಲ್ಲ. ನೈಜೀರಿಯಾದಿಂದ ಬಂದ ಸಹೋದ್ಯೋಗಿ ಕಪ್ಪು ವ್ಯಕ್ತಿಯಾಗಿದ್ದೂ ತನ್ನನ್ನು ಆಫ್ರಿಕನ್ ಅಮೆರಿಕನ್ ಎಂದು ಕರೆದುಕೊಳ್ಳದಿರಬಹುದು. 'ಗುಲಾಮರು' ಎನ್ನುವ ಬದಲು 'ಗುಲಾಮಗಿರಿಗೆ ತಳ್ಳಲ್ಪಟ್ಟವರು' ಎನ್ನಿ. ತಳ್ಳಿದವರು ಇದ್ದರು ಎಂಬುದು ಆಗ ವಾಕ್ಯದಲ್ಲೇ ಉಳಿಯುತ್ತದೆ.

## ಹಂತ 7: ಕಾರ್ಯಕ್ರಮ ಕಟ್ಟುವುದು (ಜನವರಿ)

ಭಾಷಣಕಾರರಿಗೆ ಪತ್ರ ಮಾತ್ರ ಜನವರಿಗೆ ಕಾಯದೆ ಮೂರು ತಿಂಗಳು ಮೊದಲೇ ಹೋಗಬೇಕು. ಫೆಬ್ರವರಿಯಲ್ಲಿ ಬೇಡಿಕೆ ಹೆಚ್ಚು. ಸಂಭಾವನೆಯ ಮೊತ್ತವನ್ನು ಮೊದಲ ಪತ್ರದಲ್ಲೇ ಬರೆಯಿರಿ, ನಿಮ್ಮ ಬೇರೆ ತಾಂತ್ರಿಕ ಭಾಷಣಕಾರರಿಗೆ ಕೊಡುವುದಕ್ಕಿಂತ ಒಂದು ಡಾಲರ್ ಕೂಡ ಕಡಿಮೆ ಬೇಡ. "ನಿಮಗೆ ಪ್ರಚಾರ ಸಿಗುತ್ತದೆ" ಎಂದು ಬರೆಯುವ ಕಂಪನಿ ಸಮಾನ ವೇತನದ ಬಗ್ಗೆ ಮಾತಾಡಬಾರದು.

60 ನಿಮಿಷದ ಹಂಚಿಕೆ: ಪರಿಚಯಕ್ಕೆ 5, ಮಾತಿಗೆ 25, ಪ್ರಶ್ನೋತ್ತರಕ್ಕೆ 15, ಕೊನೆಯ 15 ನಿಮಿಷ ಹಿರಿಯ ಅಧಿಕಾರಿ ಸಂಬಳ ಮತ್ತು ಬಡ್ತಿಯ ಫಲಿತಾಂಶ ಹೇಳಲು. ಯಾವ ಅಂಕಿಗಳನ್ನು ಹೇಳಬಹುದು ಎಂದು ವಕೀಲರು ಮೊದಲೇ ನೋಡಿರಬೇಕು. ಆ ಕೊನೆಯ ಭಾಗವನ್ನು "ಸಮಯವಾದರೆ ಮಾಡೋಣ" ಎಂದು ಬಿಟ್ಟರೆ ಸಮಯ ಆಗುವುದೇ ಇಲ್ಲ.

ಎಲ್ಲ ಕಾರ್ಯಕ್ರಮ, ಮಾರ್ಗದರ್ಶನ ಯೋಜನೆ, ಉದ್ಯೋಗಿ ಬಳಗಗಳು ಎಲ್ಲರಿಗೂ ತೆರೆದಿರಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯ ಜನಾಂಗ ಅಥವಾ ಲಿಂಗ ನೋಡಿ ಅವಕಾಶ ಕೊಡುವುದನ್ನೂ ತಡೆಯುವುದನ್ನೂ ನಿಷೇಧಿಸುತ್ತದೆ. ಒಂದು ಗುಂಪಿಗಷ್ಟೇ ಸೀಮಿತವಾದ ಬಳಗ, ತರಬೇತಿಗಳು ಕಾನೂನು ಉಲ್ಲಂಘನೆಯಾಗಬಹುದು ಎಂದು ಫೆಡರಲ್ ಸಮಾನ ಉದ್ಯೋಗಾವಕಾಶ ಆಯೋಗ 2025ರ ಮಾರ್ಚ್‌ನಲ್ಲಿ ಬರೆದು ಪ್ರಕಟಿಸಿದೆ. ಅದೇ ವರ್ಷ ಜನವರಿಯಲ್ಲಿ, ಉದ್ಯೋಗದಲ್ಲಿ ತಾರತಮ್ಯ ತಡೆಯುವ ಹೊಣೆಯನ್ನು ಸರ್ಕಾರಿ ಗುತ್ತಿಗೆದಾರರ ಮೇಲೆ ಹೊರಿಸಿದ್ದ 1965ರ 11246ನೇ ಅಧ್ಯಕ್ಷೀಯ ಆದೇಶವೂ ರದ್ದಾಯಿತು. ಇದನ್ನು ಕೇಳಿ ಹೆದರಿ ಸಂಬಳ ಪರಿಶೀಲನೆಯನ್ನೇ ಕೈಬಿಡಬೇಕು ಎನ್ನಿಸಬಹುದು. ಅದು ತಪ್ಪು ಓದು. 1963ರ ಕಾಯ್ದೆಯೂ 1964ರ ಕಾಯ್ದೆಯೂ ಜಾರಿಯಲ್ಲಿವೆ. ಕೋಟಾ ಬೇಡ, ಎಲ್ಲರಿಗೂ ಬಾಗಿಲು ತೆರೆದಿರಲಿ, ಲೆಕ್ಕ ಮಾತ್ರ ನಿಲ್ಲದಿರಲಿ.

ಊಟದ ಪಟ್ಟಿಯಲ್ಲಿ ಕರಿದ ಕೋಳಿ ಮತ್ತು ಕಲ್ಲಂಗಡಿಯನ್ನು 'ಥೀಮ್' ಆಗಿ ಇಡಬೇಡಿ. ಕಪ್ಪು ಜನರನ್ನು ಹೀಗಳೆಯಲು ಶತಮಾನದಿಂದ ಬಳಸಿದ ಚಿತ್ರಗಳು ಅವು.

## ಹಂತ 8: ಬೆಂಗಳೂರಿನ ಕಚೇರಿಯಲ್ಲಿ

ಮೊದಲು ಗಡಿಯಾರ. ನ್ಯೂಯಾರ್ಕ್‌ನಲ್ಲಿ ಫೆಬ್ರವರಿಯ ಬೆಳಗ್ಗೆ 10:30 ಅಂದರೆ ಇಲ್ಲಿ ರಾತ್ರಿ 9. ಮಾರ್ಚ್‌ನ ಎರಡನೇ ಭಾನುವಾರ ಅಲ್ಲಿ ಗಡಿಯಾರ ಮುಂದಕ್ಕೆ ಹೋಗುತ್ತದೆ, ಅದೇ ಸಭೆ ಇಲ್ಲಿ ರಾತ್ರಿ 8ಕ್ಕೆ ಬರುತ್ತದೆ. ಮಹಿಳೆಯರ ಗೌರವಕ್ಕೆಂದು ಇಟ್ಟ ಸಭೆಗೆ ಮಹಿಳೆಯರೇ ರಾತ್ರಿ ಕಚೇರಿಯಲ್ಲಿ ಕಾಯುವಂತಾಗಬಾರದು. ರೆಕಾರ್ಡಿಂಗ್ ತರಿಸಿ, ಮರುದಿನ ಮಧ್ಯಾಹ್ನ 3ಕ್ಕೆ ಒಟ್ಟಿಗೆ ನೋಡಿ, ಇಲ್ಲಿನವರೇ ಚರ್ಚೆ ನಡೆಸಲಿ.

ಫ್ಯಾನ್ಸಿ ಡ್ರೆಸ್ ಬೇಡ. ಮುಖಕ್ಕೆ ಕಪ್ಪು ಬಳಿದುಕೊಂಡು ಯಾರದೋ ಪಾತ್ರ ಮಾಡುವುದು ಇಲ್ಲಿ ತಮಾಷೆಯೆಂದು ನಡೆದುಹೋಗಬಹುದು. ಅಮೆರಿಕದಲ್ಲಿ ಅದು ಕಪ್ಪು ಜನರನ್ನು ವೇದಿಕೆಯ ಮೇಲೆ ಅವಮಾನಿಸಿದ ದೀರ್ಘ ಇತಿಹಾಸದ ಭಾಗ. ಮಾರ್ಚ್‌ನಲ್ಲಿ ಸೀರೆ ಸ್ಪರ್ಧೆ, ರಂಗೋಲಿ, ಬ್ಯೂಟಿ ಪಾರ್ಲರ್ ಕೂಪನ್‌ಗಳನ್ನು ಕೈಬಿಟ್ಟು ಆ ದುಡ್ಡನ್ನು ಬೇರೆಡೆ ಹಾಕಿ. 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ನಿಮ್ಮ ಕಚೇರಿಯ ಕೇಂದ್ರ ಎಲ್ಲಿದೆ, ಎಷ್ಟು ಹೊತ್ತು ತೆರೆದಿರುತ್ತದೆ, ಎಷ್ಟು ಮಕ್ಕಳಿದ್ದಾರೆ? 26 ವಾರದ ರಜೆ ಮುಗಿಸಿ ಬಂದವರಿಗೆ ಆ ವರ್ಷ ಸಿಕ್ಕ ರೇಟಿಂಗ್ ಏನು? ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಆಂತರಿಕ ಸಮಿತಿಯ ಸದಸ್ಯರ ಹೆಸರು ಎಲ್ಲರಿಗೂ ಕಾಣುವಂತೆ ಹಾಕಿದೆಯೇ? ಮಾರ್ಚ್‌ನ ಸಭೆ ಈ ಪ್ರಶ್ನೆಗಳಿಗೆ ಉತ್ತರ ಕೊಡಲಿ.

ಸ್ಥಳೀಯ ನಂಟು ಬೇಕೆನ್ನುವವರಿಗೆ ನಿಜವಾದ ಎರಡು ಎಳೆಗಳಿವೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪ್ರಯಾಣಿಸುವಾಗ ಬಿಳಿಯರ ಬೋಗಿಯಿಂದ ಏಳಲು ಟಿಕೆಟ್ ಕಲೆಕ್ಟರ್ ಹೇಳಿದ. ಭಾರತದವಳೆಂದು ಹೇಳಿದ್ದರೆ ಆತ ಬಿಟ್ಟುಬಿಡಬಹುದಿತ್ತು, ಕಮಲಾದೇವಿ ಆ ರಿಯಾಯಿತಿ ಪಡೆಯದೆ ತಾನೂ ವರ್ಣೀಯ ಮಹಿಳೆಯೇ, ಇಲ್ಲಿಂದ ಏಳುವುದಿಲ್ಲ ಎಂದರು. ಇದನ್ನು ಹೇಳಿ, ಆದರೆ ಇಡೀ ಫೆಬ್ರವರಿಯನ್ನು ಭಾರತೀಯರ ಕತೆಯಾಗಿ ಮಾಡಬೇಡಿ.

ಎರಡನೆಯದು ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಡೆಯ ಸಿದ್ದಿಯರು, ಆಫ್ರಿಕಾ ಮೂಲದ ಕನ್ನಡ ನಾಡಿನವರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಕಂಪನಿಗಳು ಸಿದ್ದಿಯರನ್ನು ನೆನೆಯುವುದು ಡಮಾಮಿ ಕುಣಿತಕ್ಕೆ ಮಾತ್ರ. ಕುಣಿಸಿ ಕಳಿಸುವ ಬದಲು ಆ ತಾಲ್ಲೂಕುಗಳ ಕಾಲೇಜುಗಳಿಗೆ ನಿಮ್ಮ ಕ್ಯಾಂಪಸ್ ನೇಮಕಾತಿ ಯಾವತ್ತಾದರೂ ಹೋಗಿದೆಯೇ ಎಂದು ಎಚ್‌ಆರ್ ಕ್ಯಾಲೆಂಡರ್ ತೆರೆದು ನೋಡಿ.

## ಹಂತ 9: ನೇಮಕ ಮತ್ತು ಅಪ್ರೈಸಲ್ ತಿದ್ದುವುದು (ಮಾರ್ಚ್)

ಇಂಟರ್‌ವ್ಯೂನಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆಗಳು, ಅದೇ ಕ್ರಮ. ಪ್ರತಿ ಉತ್ತರಕ್ಕೆ 1ರಿಂದ 5 ಅಂಕ, ಪರಸ್ಪರ ಮಾತಾಡುವ ಮೊದಲೇ ಬರೆದಿಡಬೇಕು. ಮೊದಲು ಚರ್ಚೆ, ಆಮೇಲೆ ಅಂಕ ಎಂದಾದರೆ ಕೋಣೆಯಲ್ಲಿ ಹಿರಿಯರಾದವರ ಅಂಕವೇ ಎಲ್ಲರ ಅಂಕ. "ನಮ್ಮ ಟೀಮಿಗೆ ಹೊಂದುವುದಿಲ್ಲ" ಎಂಬುದನ್ನು ಕಾರಣವೆಂದು ಒಪ್ಪಬೇಡಿ. ಕೂದಲಿನ ಜಡೆ, ಡ್ರೆಡ್‌ಲಾಕ್ಸ್ ಬಗ್ಗೆ "ಪ್ರೊಫೆಷನಲ್ ಅಲ್ಲ" ಎನ್ನುವುದು ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಕ್ರೌನ್ ಕಾಯ್ದೆಯಡಿ ತಾರತಮ್ಯವಾಗಬಲ್ಲದು.

ರೆಫರಲ್ ಬೋನಸ್ ನೋಡಿ. ಒಬ್ಬ ಕನ್ನಡಿಗ ಮ್ಯಾನೇಜರ್ ತನ್ನ ಕಾಲೇಜಿನವರನ್ನು ತರುತ್ತಾನೆ, ಅವರು ತಮ್ಮವರನ್ನು ತರುತ್ತಾರೆ, ಮೂರು ವರ್ಷದಲ್ಲಿ ಟೀಮ್ ಒಂದೇ ಬಣ್ಣದ್ದಾಗುತ್ತದೆ. ಯಾರಿಗೂ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ. ಪ್ರತಿ ಹುದ್ದೆಯನ್ನೂ ಸಂಬಳದ ವ್ಯಾಪ್ತಿಯೊಂದಿಗೆ ಹೊರಗೆ ಪ್ರಕಟಿಸಿ. 15 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಂಪನಿಗಳಿಗೆ ಹುದ್ದೆಯ ಜಾಹೀರಾತಿನಲ್ಲಿ ಸಂಬಳದ ವ್ಯಾಪ್ತಿ ಹಾಕುವುದನ್ನು ಕ್ಯಾಲಿಫೋರ್ನಿಯಾ 2023ರಿಂದ ಕಡ್ಡಾಯ ಮಾಡಿದೆ.

ಅಪ್ರೈಸಲ್ ಬರಹಗಳನ್ನು ಹೆಸರು ಮುಚ್ಚಿ ಓದಿ. ಯಾರಿಗೆ ಕೆಲಸದ ಫಲಿತಾಂಶ ಬರೆದಿದ್ದಾರೆ, ಯಾರಿಗೆ ಸ್ವಭಾವ ಬರೆದಿದ್ದಾರೆ ಎಂದು ಎರಡು ಬಣ್ಣದಲ್ಲಿ ಗುರುತು ಹಾಕಿ. 'ಜೋರು ಮಾತು', 'ಎಮೋಷನಲ್' ಎಂಬ ಪದಗಳು ಯಾರ ಹಾಳೆಯಲ್ಲಿ ಸೇರಿಕೊಂಡಿವೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಹಾಗೇ ಸಭೆಯ ಟಿಪ್ಪಣಿ ಬರೆಯುವವರು, ಬರ್ತ್‌ಡೇ ಕೇಕ್ ತರಿಸುವವರು ಯಾರು ಎಂದು ಒಂದು ತಿಂಗಳು ಎಣಿಸಿ, ಆಮೇಲೆ ಸರದಿ ಪಟ್ಟಿ ಹಾಕಿ.

## ಹಂತ 10: ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ

90 ದಿನಕ್ಕೊಮ್ಮೆ ಒಂದೇ ಪುಟದ ಹಾಳೆ: ಎಷ್ಟು ಸಂಬಳ ತಿದ್ದುಪಡಿ ಆಯಿತು, ಎಷ್ಟು ಬಾಕಿ, ಹೊಸದಾಗಿ ಸೇರಿದವರ ಆಫರ್‌ಗಳಲ್ಲಿ ಅಂತರ ಮರಳಿ ಬಂದಿದೆಯೇ, ಯಾರು ಕೆಲಸ ಬಿಟ್ಟರು. ತಿದ್ದಿದ ಅಂತರ ವಾಪಸ್ ಬರುವುದು ಹೆಚ್ಚಾಗಿ ಹೊಸ ಆಫರ್‌ಗಳ ಮೂಲಕ. ಮ್ಯಾನೇಜರ್ ಗ್ರೇಡಿನ ವ್ಯಾಪ್ತಿ ಮೀರಿ ಆಫರ್ ಕೊಟ್ಟರೆ ಲಿಖಿತ ಕಾರಣ ಮತ್ತು ಎರಡನೇ ಸಹಿ ಬೇಕೆಂಬ ನಿಯಮ ಮಾಡಿ.

ದಾರಿ ತಪ್ಪುತ್ತಿರುವ ಗುರುತುಗಳು ಇವು: ಸಮಿತಿಯ ಸಭೆಗೆ ಫೈನಾನ್ಸ್‌ನವರು ಬರುವುದನ್ನು ನಿಲ್ಲಿಸಿದ್ದಾರೆ. ಫೋಟೊಗಳು ಕಂಪನಿಯ ಪುಟದಲ್ಲಿ ಬಂದಿವೆ, ತಿದ್ದುಪಡಿ ಪತ್ರಗಳು ಬಂದಿಲ್ಲ. "ಈ ಸಲ ಅಂಕಿ ಬೇಡ, ಕತೆ ಹೇಳೋಣ" ಎಂಬ ಮಾತು ಶುರುವಾಗಿದೆ. ಪ್ರಶ್ನೆ ಕೇಳಿದ ಉದ್ಯೋಗಿಯ ರೇಟಿಂಗ್ ಆ ವರ್ಷವೇ ಇಳಿದಿದೆ. ಕೊನೆಯದು ಕಂಡರೆ ಸಮಿತಿಯ ಮುಂದಿನ ಸಭೆಗೆ ಕಾಯಬೇಡಿ, ಅದೇ ದಿನ ವಕೀಲರಿಗೆ ತಿಳಿಸಿ. ದೂರಿತ್ತವರ ಮೇಲೆ ಸೇಡು ತೀರಿಸಿಕೊಳ್ಳುವುದೇ ಪ್ರತ್ಯೇಕ ಕಾನೂನು ಉಲ್ಲಂಘನೆ.

ಅಕ್ಟೋಬರ್ ಮೊದಲ ವಾರ ಅದೇ ಕಾಲಂಗಳ ಹಾಳೆ ಮತ್ತೆ ತೆರೆಯಿರಿ. ಕಾಲಂಗಳನ್ನು ಬದಲಿಸಬೇಡಿ, ಗ್ರೇಡುಗಳ ಹೆಸರು ಬದಲಾಗಿದ್ದರೆ ಹಳೆಯದಕ್ಕೆ ಹೊಸದನ್ನು ಹೊಂದಿಸುವ ಒಂದು ಪಟ್ಟಿ ಪಕ್ಕದಲ್ಲಿಡಿ. ಕಳೆದ ವರ್ಷ 87.8 ಇದ್ದ ಜಾಗದಲ್ಲಿ ಈಗ ಎಷ್ಟಿದೆ ಎಂದು ಬರೆದು, ಭಾಷಣಕಾರರಿಗೆ ಪತ್ರ ಕಳಿಸುವ ಕೆಲಸವನ್ನು ಅದರ ಮರುದಿನಕ್ಕೆ ಇಟ್ಟುಕೊಳ್ಳಿ.